ಕರಣೆ ಹಿಡಿದ ಕೈಗೇ ಯಂತ್ರದ ಕೀಲಿಯೂ ಸಿಗಲಿ

ಬೆಂಗಳೂರಿನ ಹಲಸೂರು ಸಮೀಪ ಕೇಂಬ್ರಿಡ್ಜ್ ಲೇಔಟ್‌ನಲ್ಲಿ 2023ರ ಆಗಸ್ಟ್ 18ರಂದು ಒಂದು ಅಂಚೆ ಕಚೇರಿ ಉದ್ಘಾಟನೆಯಾಯಿತು. ಮದ್ರಾಸ್ ಐಐಟಿಯ ಮಾರ್ಗದರ್ಶನದಲ್ಲಿ ಎಲ್ ಅಂಡ್ ಟಿ ಕಂಪನಿ 1,021 ಚದರಡಿಯ ಆ ಕಟ್ಟಡವನ್ನು ತ್ರೀಡಿ ಮುದ್ರಣದಿಂದ 43 ದಿನಗಳಲ್ಲಿ ಮುಗಿಸಿತ್ತು. ರೋಬೋಟಿಕ್ ಪ್ರಿಂಟರ್ ಕಾಂಕ್ರೀಟನ್ನು ಪದರ ಪದರವಾಗಿ ಹಾಕುತ್ತ ಗೋಡೆ ಎಬ್ಬಿಸಿತು. ಆ ಪದರಗಳ ಗೆರೆಗಳು ಹೊರಗೋಡೆಯಲ್ಲಿ ಇಂದಿಗೂ ಕಾಣುತ್ತವೆ. ಎಷ್ಟು ದಿನ ಉಳಿಯಿತು, ಎಷ್ಟು ಹಣ ಉಳಿಯಿತು ಎಂಬ ಮಾತು ಎಲ್ಲೆಡೆ ಕೇಳಿಸಿತು. ಉಳಿದ ದಿನಗಳು ಯಾರ ಕೂಲಿಯ ದಿನಗಳು ಎಂದು ಕೇಳಿದವರು ಕಡಿಮೆ.

ಅಲ್ಲಿಂದೀಚೆಗೆ ಈ ವಿಷಯ ಬಂದಾಗಲೆಲ್ಲ ಎರಡೇ ಮಾತು. ಗಾರೆಯವರ ಕಾಲ ಮುಗಿಯಿತು, ಇನ್ನೇನಿದ್ದರೂ ರೋಬೋಟ್ ಮತ್ತು ಎಐ ಎನ್ನುವವರು ಒಂದು ಕಡೆ. ಯಂತ್ರವನ್ನು ಸೈಟಿನೊಳಗೆ ಬಿಡಲೇಬಾರದು ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ಯಂತ್ರ ಬರಲಿ. ಆದರೆ ಅದನ್ನು ನಡೆಸುವ ಹಕ್ಕು ಇಂದು ಕರಣೆ ಹಿಡಿದಿರುವವರಿಗೆ ಮೊದಲು ಸಿಗಬೇಕು. ಅದಕ್ಕೆ ಬೇಕಾದ ದುಡ್ಡು ಅವರ ಹೆಸರಿನಲ್ಲೇ ಸರ್ಕಾರದ ಬಳಿ ಕೂತಿದೆ.

ಕಾಂಕ್ರೀಟ್ ಫಿನಿಶಿಂಗ್ ಎಂದರೆ ಬರೀ ಉಜ್ಜುವುದು ಎಂದುಕೊಂಡವರು ಸ್ಲ್ಯಾಬ್ ಹಾಕಿದ ರಾತ್ರಿ ಒಮ್ಮೆ ಸೈಟಿನಲ್ಲಿ ನಿಂತು ನೋಡಬೇಕು. ಪಂಪಿನವರು, ವೈಬ್ರೇಟರ್‌ನವರು ಹೋದ ಮೇಲೂ ಗಾರೆಯವರು ಉಳಿದಿರುತ್ತಾರೆ. ಸುರಿದ ಕಾಂಕ್ರೀಟನ್ನು ಮಟ್ಟಗೋಲಿನಿಂದ ಎಳೆದು ಸಮ ಮಾಡಿದ ಮೇಲೆ ಕಾಯಬೇಕು. ಒಳಗಿನ ನೀರು ಮೇಲೆ ಬಂದು ಆರುವ ಮೊದಲೇ ಕರಣೆ ಆಡಿಸಿದರೆ ಆ ನೀರು ಮೇಲ್ಪದರದಲ್ಲೇ ಸಿಕ್ಕಿಕೊಂಡು ನೆಲ ಮುಂದೆ ಪುಡಿ ಬಿಡುತ್ತದೆ, ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ತಡ ಮಾಡಿದರೆ ಕಾಂಕ್ರೀಟ್ ಬಿಗಿದುಕೊಂಡು ಕರಣೆಗೆ ಬಗ್ಗುವುದಿಲ್ಲ. ನಡುವೆ ಸಿಗುವ ಸ್ವಲ್ಪ ಹೊತ್ತನ್ನು ಹಿಡಿಯುವುದೇ ಕಸುಬು. ಅನುಭವವಿದ್ದವನು ಕಾಲೂರಿ ನೋಡುತ್ತಾನೆ. ಹಿಮ್ಮಡಿ ಕಾಲಂಗುಲದಷ್ಟು ಮಾತ್ರ ಇಳಿದರೆ ಶುರು ಮಾಡಬಹುದು. ರಾಯಚೂರಿನ ಏಪ್ರಿಲ್ ಬಿಸಿಲಿಗೆ ಆ ಹೊತ್ತು ಬೇಗ ಬಂದು ಬೇಗ ಹೋಗುತ್ತದೆ. ಮಡಿಕೇರಿಯ ಜುಲೈ ಮಳೆಗಾಲದಲ್ಲಿ ನಡುರಾತ್ರಿಯವರೆಗೂ ಕಾಯಿಸುತ್ತದೆ. ಆತುರದ ಗುತ್ತಿಗೆದಾರ ಕಾಯಲು ಬಿಡದೆ ಒಣ ಸಿಮೆಂಟ್ ಉದುರಿಸಿ ಉಜ್ಜಿಸುತ್ತಾನೆ. ಕೆಲವೇ ದಿನಗಳಲ್ಲಿ ಆ ನೆಲದಿಂದ ಚಕ್ಕೆ ಏಳುತ್ತದೆ, ಬೈಗುಳ ಮಾತ್ರ ಗಾರೆಯವನ ಪಾಲಿಗೆ.

ಈ ಕಸುಬು ಮೈಯನ್ನು ತಿನ್ನುತ್ತದೆ ಎಂಬುದೂ ಅಷ್ಟೇ ನಿಜ. ಗಂಟೆಗಟ್ಟಲೆ ಮೊಣಕಾಲೂರಿ ಹಿಂದಕ್ಕೆ ಸರಿಯುತ್ತ ಉಜ್ಜಬೇಕು. ಹಸಿ ಸಿಮೆಂಟಿನ ಕ್ಷಾರಕ್ಕೆ ಬೆರಳ ಸಂದಿಗಳು ಸುಟ್ಟು ಹುಣ್ಣಾಗುತ್ತವೆ. ಒಣಗಿದ ಕಾಂಕ್ರೀಟನ್ನು ಗ್ರೈಂಡ್ ಮಾಡುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್. ಅದು ವಾಸಿಯಾಗುವ ಕಾಯಿಲೆಯಲ್ಲ. ನಲವತ್ತೈದು ದಾಟುವ ಮುಂಚೆಯೇ ಮಂಡಿ ಹಿಡಿದು ಏಳುವ ಗಾರೆಯವರನ್ನು ಕಂಡವರು ಯಾರೂ ಈ ಕೆಲಸ ಹೀಗೇ ಇರಲಿ ಎಂದು ಬಯಸಲಾರರು. ಆ ಮಂಡಿಗಳನ್ನು ಉಳಿಸುವ ಯಂತ್ರವನ್ನು ನಾನು ವಿರೋಧಿಸುವುದಿಲ್ಲ.

ಯಂತ್ರವೇನೂ ನಿನ್ನೆ ಮೊನ್ನೆಯದಲ್ಲ. ತಿರುಗುವ ಅಲಗುಗಳ ಪವರ್ ಟ್ರೋವೆಲ್ ನಮ್ಮ ಸೈಟುಗಳಿಗೆ ಬಂದು ಬಹಳ ಕಾಲವಾಯಿತು. ನೆಲಮಂಗಲ, ಹೊಸಕೋಟೆ ಸುತ್ತಲಿನಂಥ ದೊಡ್ಡ ಗೋದಾಮುಗಳಲ್ಲಿ ಎತ್ತರದ ರ‍್ಯಾಕುಗಳು ವಾಲದಂತೆ ನೆಲ ಕರಾರುವಾಕ್ಕಾಗಿ ಸಮವಿರಬೇಕು. ಅಂಥ ನೆಲಕ್ಕೆಂದೇ ಇರುವ ಲೇಸರ್ ಸ್ಕ್ರೀಡ್ ಒಂದೇ ಪಾಳಿಯಲ್ಲಿ ಸಾವಿರಾರು ಚದರಡಿಯನ್ನು ಮಟ್ಟ ಮಾಡಿ ಮುಂದೆ ಹೋಗುತ್ತದೆ. ನೆಲ ಉಜ್ಜುವ ರೋಬೋಟನ್ನು ಜಪಾನಿನ ಕಜಿಮಾ, ಶಿಮಿಜು, ತಕೆನಾಕಾದಂಥ ಕಂಪನಿಗಳು 1980ರ ದಶಕದಲ್ಲೇ ಮಾಡಿದ್ದವು. ಆದರೂ ನಲವತ್ತು ವರ್ಷಗಳಲ್ಲಿ ಅದು ಕರಣೆಯನ್ನು ಮೂಲೆಗೆ ತಳ್ಳಲಿಲ್ಲ. ಕಂಬದ ಬುಡ, ಗೋಡೆಯಂಚು, ಮೆಟ್ಟಿಲು, ನೀರು ಹರಿಯಲು ಬಚ್ಚಲಿಗೆ ಕೊಡುವ ಇಳಿಜಾರು ಇಲ್ಲೆಲ್ಲ ಇಂದಿಗೂ ಕೈಯೇ ಆಗಬೇಕು. ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆಗಳಲ್ಲೂ ಪೇವರ್ ಯಂತ್ರದ ಹಿಂದೆ ಅಂಚು ತಿದ್ದುವವರು, ಬ್ರಷ್ ಹಿಡಿದು ಗೆರೆ ಎಳೆಯುವವರು ಇದ್ದೇ ಇರುತ್ತಾರೆ.

ಹಾಗಾದರೆ ಕಳೆದುಹೋಗುವುದೇನು? ಮೊದಲು ದಿನಗಳು ಕಳೆದುಹೋಗುತ್ತವೆ. ಬಯಲಿನಂಥ ನೆಲವೆಲ್ಲ ಯಂತ್ರಕ್ಕೆ ಹೋಗಿ, ಮೂಲೆ ಮುಡುಕು ಮಾತ್ರ ಕೈಗೆ ಉಳಿದರೆ ತಿಂಗಳಿಗೆ ಇಪ್ಪತ್ತೈದು ದಿನ ಸಿಗುತ್ತಿದ್ದ ಕೆಲಸ ಹತ್ತು ದಿನಕ್ಕೆ ಇಳಿಯಬಹುದು. ಆತ ನಿರುದ್ಯೋಗಿ ಎಂದು ಯಾವ ಲೆಕ್ಕದಲ್ಲೂ ಬರುವುದಿಲ್ಲ, ಆದರೆ ಶನಿವಾರದ ಬಟವಾಡೆ ಅರ್ಧಕ್ಕಿಂತಲೂ ಕೆಳಗಿಳಿದಿರುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕೆಂಬ ನಿಯಮವಿದೆ. ದಿನಗಳು ಚೂರಾದಂತೆ ಆ 90ನ್ನು ತೋರಿಸುವುದೂ ಕಷ್ಟವಾಗುತ್ತದೆ. ಯಂತ್ರದ ಏಟು ತಗುಲಿದವನಿಗೇ ಮಂಡಳಿಯ ಬಾಗಿಲೂ ಮುಚ್ಚಿದಂತೆ.

ಹೆಂಗಸರ ವಿಷಯದಲ್ಲಿ ಇದು ಒಮ್ಮೆ ಆಗಿಹೋಗಿದೆ. ಮೋಲ್ಡ್ ಹಾಕುವ ದಿನವೆಂದರೆ ಬಾಂಡ್ಲಿ ಕೈಯಿಂದ ಕೈಗೆ ದಾಟಿಸುವ ಹೆಂಗಸರ ಸಾಲು ಇರುತ್ತಿತ್ತು. ರೆಡಿಮಿಕ್ಸ್ ಲಾರಿ ಮತ್ತು ಪಂಪು ಬಂದ ದೊಡ್ಡ ಸೈಟುಗಳಲ್ಲಿ ಆ ಸಾಲು ಇಲ್ಲವಾಯಿತು. ಅವರಿಗೆ ಪಂಪು ನಡೆಸಲು ಯಾರೂ ಕಲಿಸಲಿಲ್ಲ. ಹೆಂಗಸಿನ ಕೈಗೆ ಕರಣೆಯನ್ನೇ ಕೊಡದ ಕಡೆ ಪಂಪು ಕೊಡುವ ಮಾತೆಲ್ಲಿ? ಈ ಸಲವೂ ಹಾಗೇ ಬಿಟ್ಟರೆ ನಮಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಕೆಲಸಗಾರರೇ ಸಿಗುತ್ತಿಲ್ಲ, ಅದಕ್ಕೇ ಯಂತ್ರ ಎಂಬ ವಾದವನ್ನು ಬಿಲ್ಡರುಗಳು ಮುಂದಿಡುತ್ತಾರೆ. ಸರ್ಕಾರದ ಕಲ್ಯಾಣ ಯೋಜನೆಗಳಿಂದಾಗಿ ಕಾರ್ಮಿಕರು ಕೆಲಸಕ್ಕಾಗಿ ಊರು ಬಿಡಲು ಒಪ್ಪುತ್ತಿಲ್ಲ ಎಂದು 2025ರ ಫೆಬ್ರುವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಹೇಳಿದ್ದರು. ಈ ಮಾತಿಗೆ ನಮ್ಮ ರಾಜ್ಯದ ನೆನಪೊಂದನ್ನು ಎದುರಿಡಬೇಕು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ ಊರಿಗೆ ಹೊರಟಿದ್ದ ವಲಸೆ ಕಾರ್ಮಿಕರ ರೈಲುಗಳನ್ನು ಕರ್ನಾಟಕ ಸರ್ಕಾರ ಬಿಲ್ಡರುಗಳ ಜೊತೆ ಸಭೆ ನಡೆಸಿದ ಬೆನ್ನಿಗೇ ರದ್ದು ಮಾಡಿಸಿತ್ತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ತೀರ್ಮಾನ ಬದಲಾಯಿತು. ತಗಡಿನ ಶೆಡ್ಡು, ಟ್ಯಾಂಕರ್ ನೀರು, ಮೇಸ್ತ್ರಿಯ ಮುಂಗಡದ ಸಾಲ, ಕಷ್ಟ ಬಂದಾಗ ಮನೆಗೆ ಹೋಗಲೂ ಬಿಡದ ನಿರ್ಬಂಧ, ಇಷ್ಟೆಲ್ಲ ಕಂಡವರ ಮಕ್ಕಳು ಈ ಕಸುಬಿಗೆ ಬರದಿದ್ದರೆ ಅದನ್ನು ಕೊರತೆ ಎಂದು ಕರೆಯುವುದು ಅನ್ಯಾಯ. ಕೊರತೆ ಇರುವುದು ಕೂಲಿಯಲ್ಲಿ, ಮರ್ಯಾದೆಯಲ್ಲಿ.

ಇನ್ನು ಎಐ. ಅದು ಸೈಟಿಗೆ ಕರಣೆ ಹಿಡಿದು ಬರುವ ಮುಂಚೆ ಕ್ಯಾಮೆರಾ ಹಿಡಿದು ಬರುತ್ತದೆ. ಮುಖ ಗುರುತಿಸುವ ಹಾಜರಿ, ಯಾರು ಎಷ್ಟು ಹೊತ್ತು ನಿಂತರು ಎಂದು ಎಣಿಸುವ ಕಣ್ಣು, ಕಾಂಕ್ರೀಟಿನೊಳಗೆ ಹುದುಗಿಸಿದ ಸೆನ್ಸರ್ ಮೊಬೈಲಿಗೆ ಕಳಿಸುವ ಶಾಖದ ಲೆಕ್ಕ. ಸೆನ್ಸರ್ ಒಳ್ಳೆಯದೇ, ಮಾಹಿತಿ ಗಾರೆಯವನಿಗೂ ಸಿಗುವುದಾದರೆ. ಇಂಜಿನಿಯರನ ಫೋನಿಗೆ ಮಾತ್ರ ಹೋದರೆ, ಹಿಮ್ಮಡಿಯಿಂದ ಹೊತ್ತು ತಿಳಿಯುತ್ತಿದ್ದವನು ಹೇಳಿದ್ದನ್ನಷ್ಟೇ ಮಾಡುವ ಆಳಾಗುತ್ತಾನೆ, ಆಳಿನ ಕೂಲಿಗೇ ಇಳಿಯುತ್ತಾನೆ. ಹಾಜರಿ ಆ್ಯಪ್ ಏನು ಮಾಡಬಲ್ಲದು ಎಂಬುದನ್ನು ಉದ್ಯೋಗ ಖಾತ್ರಿಯ ಕೂಲಿಗಳು ತೋರಿಸಿಕೊಟ್ಟಿದ್ದಾರೆ. 2023ರ ಜನವರಿಯಿಂದ ಫೋಟೊ ಹಾಜರಿ ಕಡ್ಡಾಯವಾದ ಮೇಲೆ, ನೆಟ್‌ವರ್ಕ್ ಇಲ್ಲದೆ ಫೋಟೊ ಹೋಗದ ದಿನದ ದುಡಿಮೆ ಲೆಕ್ಕಕ್ಕೇ ಬರಲಿಲ್ಲ ಎಂಬ ದೂರು ಹಳ್ಳಿ ಹಳ್ಳಿಯಲ್ಲಿ ಕೇಳಿಬಂತು.

ದುಡ್ಡಿನ ಮಾತಿಗೆ ಬರೋಣ. 1996ರ ಸೆಸ್ ಕಾಯ್ದೆಯಿಂದ ಶುರುವಾದ ಪದ್ಧತಿಯಂತೆ ಕಟ್ಟಡದ ವೆಚ್ಚದ ಮೇಲೆ ಕಲ್ಯಾಣ ಮಂಡಳಿಯ ನಿಧಿಗೆಂದು ಸೆಸ್ ವಸೂಲಾಗುತ್ತದೆ. ಕರ್ನಾಟಕದಲ್ಲಿ ಅದು ಶೇ 1. ಎಷ್ಟು ಜನ ದುಡಿದರು ಎಂಬುದನ್ನು ಅದು ನೋಡುವುದಿಲ್ಲ. ನೂರು ಜನ ಕಟ್ಟಿದರೂ ಒಂದು ರೋಬೋಟ್ ಕಟ್ಟಿದರೂ, ವೆಚ್ಚ ಒಂದೇ ಆಗಿದ್ದರೆ ಸೆಸ್ ಕೂಡ ಒಂದೇ. ಅಂದರೆ ಕಾರ್ಮಿಕರು ಕಡಿಮೆಯಾದರೂ ನಿಧಿ ತುಂಬುತ್ತಲೇ ಇರುತ್ತದೆ. ದೇಶದಾದ್ಯಂತ ಹೀಗೆ 37,400 ಕೋಟಿ ರೂಪಾಯಿಗೂ ಹೆಚ್ಚು ಕೂಡಿದ್ದರೂ ಖರ್ಚಾದದ್ದು ಸುಮಾರು 9,500 ಕೋಟಿ ಮಾತ್ರ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಹೇಳಿತ್ತು. ನಮ್ಮ ಮಂಡಳಿ 2023ರಲ್ಲಿ ಮಾಡಿದ್ದು ಕಾರ್ಮಿಕರ ಮಕ್ಕಳ ಶೈಕ್ಷಣಿಕ ಸಹಾಯಧನಕ್ಕೆ ಕತ್ತರಿ.

ಈ ಹಣದಿಂದ ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. ವರ್ಷಗಟ್ಟಲೆ ಕರಣೆ ಹಿಡಿದವರನ್ನು ಸೈಟಿನಲ್ಲೇ ಪರೀಕ್ಷಿಸಿ ಕುಶಲ ಕೆಲಸಗಾರ ಎಂಬ ಪ್ರಮಾಣಪತ್ರ ಕೊಡಬೇಕು. ಕಾಗದದಲ್ಲಿ ದಾಖಲಾಗದ ಅನುಭವಕ್ಕೆ ಯಂತ್ರದ ಎದುರು ಬೆಲೆ ಸಿಗುವುದಿಲ್ಲ. ಲೇಸರ್ ಸ್ಕ್ರೀಡ್, ಪವರ್ ಟ್ರೋವೆಲ್, ಪ್ರಿಂಟರ್ ನಡೆಸಲು ಕಲಿಯುವ ದಿನಗಳಿಗೆ ಪೂರ್ತಿ ಕೂಲಿ ಕೊಡಬೇಕು. ಕೂಲಿ ಬಿಟ್ಟು ತರಬೇತಿಗೆ ಬನ್ನಿ ಎಂದರೆ ಯಾದಗಿರಿಯಿಂದ ಬಂದ ಕುಟುಂಬ ಒಲೆ ಹೊತ್ತಿಸುವುದು ಹೇಗೆ? ಆ ತರಬೇತಿಯಲ್ಲಿ ಅರ್ಧ ಜಾಗ ಹೆಂಗಸರಿಗೆ ಇರಬೇಕು. ಯಂತ್ರ ಬಳಸುವ ಸೈಟುಗಳಲ್ಲಿ ಕೆಲಸ ಕಳೆದುಕೊಂಡವರಿಗೆ 90 ದಿನದ ನಿಯಮ ಸಡಿಲವಾಗಬೇಕು.

ಇಷ್ಟನ್ನು ಮಂಡಳಿಗೆ ಬಿಟ್ಟು ಕೂರುವುದೂ ಬೇಡ. ವೈಟ್ ಟಾಪಿಂಗ್ ಆಗಲಿ, ಮೆಟ್ರೊ ಆಗಲಿ, ಸರ್ಕಾರಿ ಶಾಲೆಯ ಕೊಠಡಿಯಾಗಲಿ, ಜನರ ತೆರಿಗೆಯಿಂದ ನಡೆಯುವ ಪ್ರತಿ ಕಾಂಕ್ರೀಟ್ ಕೆಲಸದ ಟೆಂಡರಿನಲ್ಲೂ ಒಂದು ಷರತ್ತು ಸೇರಲಿ: ಯಂತ್ರ ನಡೆಸುವ ತಂಡದಲ್ಲಿ ಅರ್ಧದಷ್ಟು ಜನ ಮಂಡಳಿಯಲ್ಲಿ ನೋಂದಾಯಿತ ಗಾರೆ ಕಾರ್ಮಿಕರೇ ಇರಬೇಕು, ಅವರ ಹಾಜರಿಯ ಲೆಕ್ಕ ಅವರ ಕೈಗೂ ಸಿಗಬೇಕು, ಇದನ್ನು ತೋರಿಸದ ಗುತ್ತಿಗೆದಾರನ ಬಿಲ್ ಪಾಸಾಗಬಾರದು.