ಕೈಕಸುಬು ಯಾರ ಮನೆಗೆ?

ದೊಡ್ಡ ಪೇಟೆಗಳಲ್ಲಿ ಕರಕುಶಲ ವಸ್ತುಗಳ ಅಂಗಡಿಗಳು ಹೆಚ್ಚುತ್ತಿವೆ. ನಿನ್ನೆಯವರೆಗೆ ಅಡಿಗೆಮನೆಯಲ್ಲೂ ಜಗಲಿಯಲ್ಲೂ ಇದ್ದ ಮಡಕೆ, ಬುಟ್ಟಿ, ಜಮಖಾನಗಳು ಇಂದು ಗಾಜಿನ ಕಪಾಟು ಏರಿ ಕುಳಿತಿವೆ. ಇಂಥ ಅಂಗಡಿಗಳನ್ನು ನಾವು ಹಳಿಯುವುದಿಲ್ಲ. ದಿನಬಳಕೆಯ ವಸ್ತು ಕೈಯಿಂದಲೇ ತಯಾರಾಗಲಿ ಎಂದು ಒಬ್ಬ ಕಸುಬುದಾರ ಹಟ ಹಿಡಿದು ಅಂಗಡಿ ತೆರೆದರೆ ಹತ್ತು ಮನೆಗಳ ಒಲೆ ಉರಿಯುತ್ತದೆ. ಆದರೆ ಅಂಗಡಿಯೊಂದರಿಂದಲೇ ಕಸುಬು ಉಳಿದೀತೇ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಇಂಗ್ಲೆಂಡಿನ ವಿಲಿಯಂ ಮಾರಿಸನ ಬಾಳನ್ನು ನೋಡಬೇಕು.

1834ರಲ್ಲಿ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದ ಮಾರಿಸ್ 1861ರಲ್ಲಿ ಗೆಳೆಯರೊಡನೆ ಲಂಡನ್ನಿನಲ್ಲಿ ಒಂದು ಸಂಸ್ಥೆ ಕಟ್ಟಿದ. ಕುರ್ಚಿ, ಬಣ್ಣದ ಗಾಜು, ಕಸೂತಿ, ಗೋಡೆಗೆ ಅಂಟಿಸುವ ಕಾಗದ, ಇವು ಅಲ್ಲಿ ತಯಾರಾಗುತ್ತಿದ್ದವು. ಆತ ಮೇಜಿನ ಹಿಂದೆ ಕುಳಿತ ಧಣಿಯಾಗಿರಲಿಲ್ಲ. ಮಲಗುವ ಕೋಣೆಯಲ್ಲಿಯೇ ಮಗ್ಗ ಹೂಡಿ ನೆಯ್ದ. ಗಿರಣಿಯವರ ರಾಸಾಯನಿಕ ಬಣ್ಣಗಳನ್ನು ಒಲ್ಲದೆ ಗಿಡಮೂಲದ ಬಣ್ಣಗಳನ್ನು ಕಲಿತ. ನೀಲಿಯ ತೊಟ್ಟಿಯಲ್ಲಿ ಅದ್ದಿದ ಅವನ ಕೈಗಳು ನೀಲಿಗಟ್ಟಿರುತ್ತಿದ್ದವು. 1877ರಲ್ಲಿ ಆಕ್ಸ್‌ಫರ್ಡ್ ಬೀದಿಯಲ್ಲಿ ಅಂಗಡಿ ತೆರೆದ. 1881ರಲ್ಲಿ ಮರ್ಟನ್ ಆಬಿಯ ಹೊಳೆಯ ದಡದಲ್ಲಿ ಕಾರ್ಯಾಗಾರ ನಡೆಸತೊಡಗಿದ. ಬಳಸುವುದಕ್ಕೂ ಬರಬೇಕು, ಕಣ್ಣಿಗೂ ತಂಪಾಗಬೇಕು, ಮಾಡಿದವನಿಗೂ ಸಂತೋಷ ಕೊಡಬೇಕು, ಇದು ಅವನ ಸಿದ್ಧಾಂತ.

ಸಿದ್ಧಾಂತ ಎಡವಿದ್ದು ಬೆಲೆಯ ಹೊಸ್ತಿಲಲ್ಲಿ. ಒಳ್ಳೆಯ ನೂಲು, ಒಳ್ಳೆಯ ಬಣ್ಣ, ಅವಸರವಿಲ್ಲದ ದುಡಿಮೆ, ಇವೆಲ್ಲ ಕೂಡಿದಾಗ ಸರಕು ತುಟ್ಟಿಯಾಯಿತು. ಅದು ಶ್ರೀಮಂತರ ದಿವಾನಖಾನೆ ಸೇರಿತು; ಲಂಡನ್ನಿನ ಕೂಲಿಕಾರನಿಗೆ ಗಿರಣಿಯ ಅಗ್ಗದ ಸರಕೇ ಗತಿಯಾಯಿತು. ಮಾರಿಸನ ಕಾರ್ಯಾಗಾರದಲ್ಲೂ ಲಾಭದ ಪಾಲು ದೊರೆತದ್ದು ಮೇಲಿನ ಕೆಲವರಿಗೆ ಮಾತ್ರ. ಈ ವಿರೋಧಾಭಾಸ ಅವನನ್ನು ಸುಮ್ಮನೆ ಕೂರಗೊಡಲಿಲ್ಲ. 1883ರಲ್ಲಿ ಸಮಾಜವಾದಿಗಳನ್ನು ಸೇರಿದ, ಪತ್ರಿಕೆ ನಡೆಸಿದ, ಬೀದಿಯ ಮೂಲೆಗಳಲ್ಲಿ ನಿಂತು ಭಾಷಣ ಮಾಡಿದ. ಬೇಸರದ ದುಡಿಮೆಯನ್ನು ಯಂತ್ರ ಹೊರಲಿ, ಆದರೆ ಯಂತ್ರ ಮನುಷ್ಯನನ್ನು ಆಳಬಾರದು ಎಂದು ವಾದಿಸಿದ. ಅಂಗಡಿಯನ್ನು ಮುಚ್ಚಲಿಲ್ಲ, ಅಂಗಡಿಯಿಂದಲೇ ಲೋಕ ಬದಲಾದೀತೆಂಬ ಭ್ರಮೆಯನ್ನು ಮಾತ್ರ ಬಿಟ್ಟುಕೊಟ್ಟ.

ಅವನ ಮಾತಿಗೂ ನಮಗೂ ನಂಟಿದೆ. 1879ರಲ್ಲಿ ಬರ್ಮಿಂಗ್‌ಹ್ಯಾಮಿನ ಭಾಷಣದಲ್ಲಿ ಅವನು, ಇಂಗ್ಲಿಷರ ಆಳ್ವಿಕೆ ಮತ್ತು ವ್ಯಾಪಾರ ಭಾರತದ ಕಸುಬುಗಳನ್ನು ನಾಶಮಾಡುತ್ತಿವೆಯೆಂದು ತನ್ನ ದೇಶದವರ ಎದುರಿಗೇ ಆಪಾದಿಸಿದ. ಆ ಆಳ್ವಿಕೆ ಹೋಯಿತು. ಮಂಗಳೂರಿನಲ್ಲಿ ಹುಟ್ಟಿ, ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾಗಿದ್ದ ಕಮಲಾದೇವಿ ಚಟ್ಟೋಪಾಧ್ಯಾಯರು, 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಯನ್ನು ಮುನ್ನಡೆಸಿ ಕಸುಬುದಾರರಿಗೆ ಮಾರುಕಟ್ಟೆಯನ್ನೂ ಮರ್ಯಾದೆಯನ್ನೂ ಗಳಿಸಿಕೊಟ್ಟರು. ಆ ಮಂಡಲಿಯನ್ನು ಕೇಂದ್ರ ಸರ್ಕಾರ 2020ರಲ್ಲಿ ರದ್ದುಮಾಡಿತು. ಅದೇ ವರ್ಷ ಕೈಮಗ್ಗದ ಮಂಡಲಿಯೂ ರದ್ದಾಯಿತು. 2019-20ರ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗದ ದುಡಿಮೆಗಾರರಿದ್ದರು. ಅವರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟಕ್ಕೆ ತಿಂಗಳ ವರಮಾನ 5,000 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಗಾಜಿನ ಕಪಾಟಿನ ಮೇಲಿನ ಬೆಲೆಚೀಟಿಗೂ ಈ ವರಮಾನಕ್ಕೂ ನಡುವಿನ ಹಣ ಯಾರ ಜೇಬು ಸೇರುತ್ತಿದೆ?

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಕರಕುಶಲದ ಅಂಗಡಿಯವರು ವಸ್ತುವಿನ ಬೆಲೆಯ ಪಕ್ಕದಲ್ಲಿ ಮಾಡಿದವರ ಹೆಸರನ್ನೂ ಅವರಿಗೆ ಸಂದ ಕೂಲಿಯನ್ನೂ ಬರೆಯಲಿ. ಸರ್ಕಾರ ತನ್ನ ವಿದ್ಯಾರ್ಥಿನಿಲಯಗಳಿಗೆ ಜಮಖಾನ, ಆಸ್ಪತ್ರೆಗಳಿಗೆ ಹಾಸುಹೊದಿಕೆಗಳನ್ನು ಕಸುಬುದಾರರ ಸಹಕಾರ ಸಂಘಗಳಿಂದಲೇ ಕೊಳ್ಳಲಿ. ಕೊಂಡ ಸರಕಿನ ಹಣವನ್ನು ತಿಂಗಳುಗಟ್ಟಲೆ ತಡೆಹಿಡಿಯದಿರಲಿ. ಆಗ ಕೈಯಿಂದ ಮಾಡಿದ ವಸ್ತು ಬಡವರ ಮಕ್ಕಳ ಮೈಯನ್ನೂ ಬೆಚ್ಚಗಿಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅಂಗಡಿಗಳ ಒಡೆತನ ಕಸುಬುದಾರರ ಸಂಘಗಳಿಗೇ ದೊರೆಯಲಿ.

ಕೈಕಸುಬನ್ನು ಹೊಗಳುವವರಿಗೆ ಈ ನಾಡಿನಲ್ಲಿ ಕೊರತೆಯಿಲ್ಲ. ಹೊಗಳಿಕೆಯಿಂದ ನೂಲು ಕೊಳ್ಳಲಾಗದು. ಬುಟ್ಟಿ ಹೆಣೆಯುವವಳ ಮನೆಯಲ್ಲಿ ಎರಡು ಹೊತ್ತಿನ ಅನ್ನ ಬೇಯುವ ದಿನವೇ ಕಸುಬು ಉಳಿಯಿತೆಂದು ನಾವು ಒಪ್ಪುತ್ತೇವೆ.