ಭರಣಿ ಮಳೆಗೆ ಮುನ್ನ ಸೂರು ನೋಡಿ

ಔಷಧಿ ಹೊಡೆಯಲು ದಿನ ಎಣಿಸುವ ನಮ್ಮ ಸದಸ್ಯ ಬಾಂಧವರು ಉಗ್ರಾಣದ ಹೆಂಚಿನ ಕಡೆ ಕತ್ತೆತ್ತುವುದು ನೀರು ತೊಟ್ಟಿಕ್ಕಿದ ಮೇಲೆಯೇ. ನಾಗಮಂಗಲ, ಕೆ.ಆರ್. ಪೇಟೆ ಕಡೆ ಭರಣಿ, ಕೃತ್ತಿಕೆ ಮಳೆಗಳು ಬರಿಗೈಲಿ ಬರುವುದಿಲ್ಲ, ಗಾಳಿಯನ್ನೂ ಕರೆತರುತ್ತವೆ. ಒಣಗಿಸಿಟ್ಟ ಅಡಿಕೆ ಒಮ್ಮೆ ನೆಂದು ಬೂಷ್ಟು ಹಿಡಿಯಿತೆಂದರೆ ಮಂಡಿಯಲ್ಲಿ ಅದರ ದರ್ಜೆ ಇಳಿದಂತೆಯೇ.

ಸೋರಿದ ಜಾಗದ ನೇರಕ್ಕೇ ಹೆಂಚು ಒಡೆದಿದೆ ಎನ್ನಲಾಗದು. ನೀರು ಜಂತೆಯ ಗುಂಟ ಹರಿದು ಬೇರೆಲ್ಲೋ ಬೀಳುತ್ತದೆ. ಬಿಸಿಲಿನ ಹೊತ್ತು ಬಾಗಿಲು ಮುಚ್ಚಿ ಒಳಗಿನಿಂದ ನೋಡಿ, ಬೆಳಕಿನ ಚುಕ್ಕಿ ಕಾಣುತ್ತದೆ. ಒಂದೆರಡು ಹೆಂಚು ಸರಿದಿದ್ದರೆ ಮನೆಯವರೇ ಕೂರಿಸಬಹುದು. ಆದರೆ ನೆತ್ತಿಯ ಸಾಲು ತಗ್ಗಿದ್ದರೆ, ಗೆದ್ದಲಿನ ಮಣ್ಣು ಕಂಡರೆ, ತೊಲೆಯ ತಲೆ ಗೋಡೆ ಸೇರುವ ಕಡೆ ಚಾಕು ಸಲೀಸಾಗಿ ಇಳಿದರೆ, ಬಡಗಿಯನ್ನೂ ಹೆಂಚು ಕೈಯಾಡಿಸುವವರನ್ನೂ ಅದೇ ವಾರ ಕರೆಸಬೇಕು.

ಸಂದಿಗೆ ಸಿಮೆಂಟು ಮೆತ್ತುವ ಪದ್ಧತಿ ನಮಗೆ ಒಪ್ಪಿಗೆಯಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತಯಾರಿಸತೊಡಗಿದ ಈ ಹೆಂಚಿನ ಗುಣವೇ ಒಂದರೊಳಗೊಂದು ಕೂತು, ಬೇಕಾದಾಗ ಬಿಡಿಯಾಗಿ ಕೈಗೆ ಬರುವುದು. ಮೆತ್ತಿಬಿಟ್ಟರೆ ಒಂದು ತೆಗೆಯಲು ನಾಲ್ಕು ಒಡೆಯಬೇಕು.

ಕಲ್ನಾರಿನ ಶೀಟಿನ ಮಾತೇ ಬೇರೆ. ಹಳೆಯ ಶೀಟು ಆಳಿನ ಭಾರ ತಡೆಯದು. ಕೊರೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಕೇಡು. ಅದರ ಮೇಲೆ ಮಕ್ಕಳನ್ನಾಗಲಿ ತೋಟದ ಆಳನ್ನಾಗಲಿ ಹತ್ತಿಸಕೂಡದು.

ಯುಗಾದಿ ಕಳೆದರೆ ಕೆಲಸಗಾರರು ಸಿಗುವುದು ಕಷ್ಟ. ಶಿವರಾತ್ರಿಯ ಹೊತ್ತಿಗೇ ಹೇಳಿಟ್ಟುಕೊಳ್ಳಿ. ಪಾಂಡವಪುರ, ಶ್ರೀರಂಗಪಟ್ಟಣದ ಸದಸ್ಯರು ನಾಲ್ಕು ಮನೆಯವರು ಕೂಡಿ ಕರೆಸಿದರೆ ಗಾಡಿ ಬಾಡಿಗೆಯೂ ಹಂಚಿಹೋಗುತ್ತದೆ.