ಎಲೆಗೆ ಬೀಳುವುದೇನೆಂದು ಬಡಿಸುವವನಿಗೆ ಗೊತ್ತಿರಲಿ

ಹೋಟೆಲಿನಲ್ಲಿ ಕುಳಿತು "ಇದಕ್ಕೆ ಏನೇನು ಹಾಕಿದ್ದೀರಿ?" ಎಂದು ಕೇಳುವುದು ಹಣವುಳ್ಳವರ ಚಪಲವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಇದು ತಪ್ಪು ತಿಳುವಳಿಕೆ. ಹಣವುಳ್ಳವನಿಗೆ ಮನೆಯಲ್ಲಿ ಅಡಿಗೆಯವರಿದ್ದಾರೆ, ವೈದ್ಯರು ಹೇಳಿದ ಪಥ್ಯ ಹೇಳಿದ ಹೊತ್ತಿಗೆ ಅವನ ಮೇಜಿಗೆ ಬರುತ್ತದೆ. ಪುತ್ತೂರಿನ ಬಸ್ ನಿಲ್ದಾಣದ ಸುತ್ತಮುತ್ತ, ಸುಳ್ಯದ ಪೇಟೆಯಲ್ಲಿ, ಕಡಬದಲ್ಲಿ ಮಧ್ಯಾಹ್ನದ ಹೊತ್ತು ಹೋಟೆಲಿನ ಬೆಂಚಿನ ಮೇಲೆ ಕುಳಿತವರು ಯಾರೆಂದು ಒಮ್ಮೆ ನೋಡಿರಿ. ಗೇರುಬೀಜದ ಕಾರ್ಖಾನೆಗೂ ಅಕ್ಕಿಯ ಮಿಲ್ಲಿಗೂ ದೂರದ ಹಳ್ಳಿಗಳಿಂದ ಬರುವವರು, ಅಡಿಕೆ ಮಂಡಿಯ ಹಮಾಲರು, ಲಾರಿಯ ಡ್ರೈವರರು, ಬಸ್ಸಿನ ಕಂಡಕ್ಟರರು, ಸೋಮವಾರದ ಸಂತೆಗೆ ಸರಕು ತಂದ ಚಿಲ್ಲರೆ ವ್ಯಾಪಾರಿಗಳು. ಇವರ ಪಾಲಿಗೆ ಹೋಟೆಲೇ ಹಗಲಿನ ಅಡಿಗೆಮನೆ. ಆದರೆ ಆ ಅಡಿಗೆಮನೆಯಲ್ಲಿ ಏನು ಬೇಯುತ್ತಿದೆಯೆಂದು ತಿಳಿಯುವ ದಾರಿ ಮಾತ್ರ ಇವರಿಗಿಲ್ಲ.

ಸಕ್ಕರೆ ಕಾಯಿಲೆಯನ್ನೇ ತೆಗೆದುಕೊಳ್ಳೋಣ. ಅದು ಶ್ರೀಮಂತರ ಕಾಯಿಲೆಯೆಂಬ ಮಾತು ಹಳೆಯದಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಈ ಕಾಯಿಲೆಯಿದೆ. ಇಷ್ಟೂ ಮಂದಿ ಬಂಗಲೆಗಳಲ್ಲಿ ವಾಸಿಸುವವರೇನೂ ಅಲ್ಲ. ನಮ್ಮ ಕರಾವಳಿಯ ಸಾಂಬಾರಿಗೂ ಸಾರಿಗೂ ಬೆಲ್ಲ ಬೀಳುತ್ತದೆ, ಅದು ನಮ್ಮ ರುಚಿ. ಚಾ ಬೇಕೆಂದರೆ ಅನೇಕ ಕಡೆ ಸಕ್ಕರೆ ಹಾಕಿ ಕುದಿಸಿಟ್ಟ ಚಾ ಬರುತ್ತದೆ. ರಕ್ತದೊತ್ತಡದವನಿಗೆ ಉಪ್ಪು ಕಡಿಮೆ ಮಾಡೆಂದು ಡಾಕ್ಟರು ಹೇಳುತ್ತಾರೆ, ಇಲ್ಲಿ ಕುಚ್ಚಲಕ್ಕಿ ಗಂಜಿಗೂ ಉಪ್ಪು ಹಾಕಿಯೇ ತಂದಿಡುತ್ತಾರೆ. ಕೇಳಿದರೆ ಸಿಗುವ ಉತ್ತರವೇನು?

"ಸಾಂಬಾರಿಗೆ ಬೆಲ್ಲ ಉಂಟೇನಪ್ಪಾ?"

"ಇಲ್ಲ ಅಣ್ಣಾ, ಏನೂ ಇಲ್ಲ."

ಈ "ಏನೂ ಇಲ್ಲ" ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಅದನ್ನು ನಂಬಿ ಉಂಡವನು ಸಂಜೆ ತಲೆ ತಿರುಗಿ ಕುಳಿತುಕೊಂಡರೆ ಅದನ್ನು ಅವನ ಹಣೆಬರಹದ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ಬೆಲ್ಲವಾದರೋ ನಿಧಾನವಾಗಿ ಕೆಡಿಸುವ ಪದಾರ್ಥ. ಸಿಗಡಿ ಒಗ್ಗದವನ ಗತಿ ಹಾಗಲ್ಲ. ಒಣ ಸಿಗಡಿಯ ಚಟ್ನಿ ನಮ್ಮಲ್ಲಿ ಮನೆಮನೆಯ ವ್ಯಂಜನ. ಆದರೆ ಅದು ಒಗ್ಗದ ದೇಹಕ್ಕೆ ಒಂದು ಚಮಚ ಬಿದ್ದರೆ ತುಟಿ ಬಾತು, ಗಂಟಲು ಕಟ್ಟಿ, ಕೆಲವೇ ನಿಮಿಷಗಳಲ್ಲಿ ಉಸಿರು ನಿಲ್ಲುವವರೆಗೂ ಹೋಗಬಹುದು. ನೆಲಗಡಲೆಯೂ ಹಾಗೆಯೇ. ಕಡಬದ ಒಳಪ್ರದೇಶದ ಹೋಟೆಲಿನಲ್ಲಿ ಹೀಗಾದರೆ ದೊಡ್ಡ ಆಸ್ಪತ್ರೆ ಎಷ್ಟು ದೂರವಿದೆಯೆಂದು ಅಲ್ಲಿಯವರಿಗೆ ನಾವು ಹೇಳಬೇಕಾಗಿಲ್ಲ. ಗೋಧಿ ಒಗ್ಗದವರೂ ಇದ್ದಾರೆ. ಅಂಥವರಿಗೆ ನಮ್ಮ ನೀರುದೋಸೆ ವರವೇ ಸರಿ, ಬರಿಯ ಅಕ್ಕಿ ಹಿಟ್ಟಿನದು. ಆದರೆ ಅದೇ ಕಾವಲಿಯ ಮೇಲೆ ಅರೆಗಳಿಗೆ ಹಿಂದೆ ರವೆ ದೋಸೆ ಹುಯ್ದಿದ್ದರೆ? ಇನ್ನು ಸಾಂಬಾರಿಗೆ ಬೀಳುವ ಇಂಗು. ಪೇಟೆಯ ಡಬ್ಬಿಯಲ್ಲಿ ಬರುವ ಕೂಟಿಂಗಿನಲ್ಲಿ ಅಪ್ಪಟ ಇಂಗಿರುವುದು ಸ್ವಲ್ಪ, ಉಳಿದದ್ದು ಗೋಂದು ಮತ್ತು ಹಿಟ್ಟು, ಅನೇಕ ವೇಳೆ ಗೋಧಿಯದೇ ಹಿಟ್ಟು. ಇದು ಅಡಿಗೆಭಟ್ಟರಿಗೂ ಗೊತ್ತಿರುವುದಿಲ್ಲ, ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಮಾತ್ರ ಇರುತ್ತದೆ.

ದೇಹದ ಮಾತು ಬಿಟ್ಟರೆ ವ್ರತ ನಿಯಮಗಳ ಮಾತು. ಕುಕ್ಕೆ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತು ಬರುವವರಲ್ಲಿ ನೀರುಳ್ಳಿ ಬೆಳ್ಳುಳ್ಳಿ ಮುಟ್ಟದವರು ಎಷ್ಟೋ ಮಂದಿ. ಜೈನರು ಗೆಡ್ಡೆಗೆಣಸನ್ನು ಬಿಡುತ್ತಾರೆ. ಕೇರಳದಿಂದ ಬಂದು ಕಡಬ, ನೆಲ್ಯಾಡಿಗಳ ಕಡೆ ರಬ್ಬರು ಬೆಳೆದು ನಿಂತ ಕ್ರೈಸ್ತ ಕುಟುಂಬಗಳಲ್ಲಿ ಈಸ್ಟರಿಗೆ ಮುಂಚೆ 50 ದಿನ ಮೀನು ಮಾಂಸ ಬಿಡುವವರಿದ್ದಾರೆ. ಮುಸಲ್ಮಾನನು ಹಲಾಲ್ ಹೌದೇ ಎಂದು ಕೇಳುತ್ತಾನೆ. ಸಸ್ಯಾಹಾರಿಯು ಮೀನು ಕಾಯಿಸಿದ ಎಣ್ಣೆಯಲ್ಲೇ ಗೋಳಿಬಜೆ ಕರಿದಿರಾ ಎಂದು ಕೇಳುತ್ತಾನೆ. ದೇವರ ವಿಷಯದಲ್ಲಿ ನಮ್ಮ ಪಕ್ಷದವರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಇರಲಿ. ತನ್ನ ಹೊಟ್ಟೆಗೆ ಏನು ಹೋಗಬೇಕೆಂದು ನಿಶ್ಚಯಿಸುವವನು ತಾನೇ ಎಂಬಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲೇ ಹೇಳಿಬಿಡಬೇಕು. "ಏನು ಹಾಕಿದ್ದೀರಿ" ಎಂಬ ಪ್ರಶ್ನೆ ಬೇರೆ, "ಯಾರು ಮಾಡಿದರು" ಎಂಬ ಪ್ರಶ್ನೆ ಬೇರೆ. ಹೊರಗೆ ನಿಲ್ಲಿಸಿ ಗೆರಟೆಯಲ್ಲಿ ಚಾ ಹುಯ್ದ ಕಾಲವನ್ನು ನಮ್ಮ ಜಿಲ್ಲೆಯ ಹಿರಿಯರು ಮರೆತಿಲ್ಲ. 1950ರ ಸಂವಿಧಾನದ 15ನೆಯ ವಿಧಿ ಹೋಟೆಲಿನ ಬಾಗಿಲನ್ನು ಎಲ್ಲರಿಗೂ ತೆರೆಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅಲ್ಲಿಯ ಲೋಟ ತಟ್ಟೆಗಳನ್ನೂ ಎಲ್ಲರವನ್ನಾಗಿ ಮಾಡಿತು. ಮದರಾಸಿನಲ್ಲಿ 1957ರಲ್ಲಿ ಹೋಟೆಲಿನ ಹಲಗೆಯ ಮೇಲಿನ 'ಬ್ರಾಹ್ಮಣರ' ಎಂಬ ಒಂದು ಶಬ್ದವನ್ನು ಅಳಿಸಲು ಪೆರಿಯಾರರ ಅನುಯಾಯಿಗಳು ಜೈಲಿಗೆ ಹೋಗಬೇಕಾಯಿತು. ಪಥ್ಯದ ಹೆಸರಿನಲ್ಲಿ ಅಡಿಗೆಯವನ ಕುಲ ವಿಚಾರಿಸುವವರ ಜೊತೆ ನಾವಿಲ್ಲ.

ಈಗ "ಏನೂ ಇಲ್ಲ" ಎಂದ ಆ ಹುಡುಗನ ಕಡೆ ತಿರುಗೋಣ. ಅವನನ್ನು ಬಯ್ಯುವುದು ಸುಲಭ, ಗಿರಾಕಿಗಳು ಬಯ್ಯುತ್ತಲೂ ಇದ್ದಾರೆ. ಹಿಂದೆ ಹೋಟೆಲಿನ ಮಾಣಿಯೆಂದರೆ ಕುಂದಾಪುರ, ಉಡುಪಿಯ ಕಡೆಯ ಬಡವರ ಮನೆಯ ಎಳೆಯ ಹುಡುಗ. ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂದು 2006ರ ಅಕ್ಟೋಬರದಿಂದ ನಿಷೇಧ ಬಂತು. ಇಂದು ಎಲೆ ಹಾಕುವವನು ಬಹಳ ಕಡೆ ಒಡಿಶಾದಿಂದಲೋ ಅಸ್ಸಾಮಿನಿಂದಲೋ ನೇಪಾಳದಿಂದಲೋ ಬಂದವನು. ತುಳು, ಕನ್ನಡಗಳನ್ನು ಗಿರಾಕಿಗಳ ಬಾಯಿಂದಲೇ ಕಲಿಯುತ್ತಾನೆ. ಸಾಂಬಾರಿಗೆ ಏನು ಹಾಕುತ್ತಾರೆಂದು ಅವನಿಗೆ ಯಾರೂ ಹೇಳಿಲ್ಲ. ಕೇಳಿಬರೋಣವೆಂದು ಒಳಗೆ ಹೋದರೆ ಒಲೆಯ ಮುಂದೆ ಬೆವರುತ್ತಿರುವ ಅಡಿಗೆಭಟ್ಟರು ರೇಗುತ್ತಾರೆ, ಅಲ್ಲಿ ಎರಡು ನಿಮಿಷ ನಿಂತರೆ ಗಲ್ಲಾದ ಮೇಲಿನ ಧಣಿ ಕೂಗುತ್ತಾನೆ. "ಗೊತ್ತಿಲ್ಲ" ಎಂದರೆ ಗಿರಾಕಿ ಎದ್ದುಹೋಗಬಹುದು, ಆ ನಷ್ಟದ ಮಾತು ರಾತ್ರಿ ಇವನ ತಲೆಗೇ ಬರುತ್ತದೆ. ಹೀಗಿರುವಾಗ "ಏನೂ ಇಲ್ಲ" ಎನ್ನುವುದೇ ಅವನಿಗೆ ಕ್ಷೇಮ. ಅವನ ಕ್ಷೇಮ ತಿನ್ನುವವನಿಗೆ ಅಪಾಯವಾಗುವಂತೆ ವ್ಯವಸ್ಥೆ ಮಾಡಿಟ್ಟವರು ಇವರಿಬ್ಬರಲ್ಲಿ ಯಾರೂ ಅಲ್ಲ.

ಆದುದರಿಂದ ನಮ್ಮ ಮೊದಲ ಬೇಡಿಕೆ ವಿಚಿತ್ರವಾಗಿ ಕಾಣಬಹುದು. "ಗೊತ್ತಿಲ್ಲ, ಕೇಳಿ ಬಂದು ಹೇಳುತ್ತೇನೆ" ಎನ್ನುವ ಸ್ವಾತಂತ್ರ್ಯ ಹೋಟೆಲು ಕಾರ್ಮಿಕನಿಗೆ ಬೇಕು. ಹಾಗೆ ಹೇಳಿದ್ದಕ್ಕೆ ಅವನ ಸಂಬಳಕ್ಕೂ ಕೆಲಸಕ್ಕೂ ತೊಂದರೆ ಬರಬಾರದು. ಇದನ್ನು ಕೂಲಿ, ವಾರದ ರಜೆಗಳಷ್ಟೇ ಗಟ್ಟಿಯಾದ ಬೇಡಿಕೆಯೆಂದು ಸಂಘಗಳು ಎತ್ತಿಕೊಳ್ಳಬೇಕು. ಜಾರ್ಜ್ ಫರ್ನಾಂಡಿಸರು ಬೊಂಬಾಯಿಗೆ ಹೋಗುವ ಮುಂಚೆ, 1940ರ ದಶಕದ ಕೊನೆಗೆ, ಕಾರ್ಮಿಕ ಚಳವಳಿಯ ಓನಾಮ ತಿದ್ದಿದ್ದು ಮಂಗಳೂರಿನ ಹೋಟೆಲು ಮತ್ತು ಮೋಟಾರು ಕೆಲಸಗಾರರ ನಡುವೆ. ಅದೇ ಜಿಲ್ಲೆಯಲ್ಲಿ ಇಂದು ಹೊರನಾಡಿನಿಂದ ಬಂದ ಹೋಟೆಲು ಕೆಲಸಗಾರನಿಗೆ ಸಂಘದ ಕಚೇರಿ ಎಲ್ಲಿದೆಯೆಂದು ಹೇಳುವವರಿಲ್ಲ.

ಸರಕಾರದ ಕಾಯಿದೆ ಏನು ಹೇಳುತ್ತದೆ? 2020ರ ಆಹಾರ ಲೇಬಲು ನಿಯಮಗಳ ಪ್ರಕಾರ, ಒಗ್ಗದಿಕೆ ತರುವ ಪದಾರ್ಥಗಳ ವಿವರವನ್ನು ತಿಂಡಿಯ ಪಟ್ಟಿಯಲ್ಲಿ ಕೊಡಬೇಕಾದವರು ಕೇಂದ್ರ ಪರವಾನಿಗೆಯವರು ಅಥವಾ ಹತ್ತು ಹಾಗೂ ಹೆಚ್ಚು ಕಡೆ ಶಾಖೆಗಳುಳ್ಳವರು. ಗೋಧಿ ಮೊದಲಾದ ಧಾನ್ಯ, ಸಿಗಡಿ ಏಡಿ, ಹಾಲು, ಮೊಟ್ಟೆ, ಮೀನು, ನೆಲಗಡಲೆ ಗೇರುಬೀಜಗಳಂಥ ಬೀಜಗಳು, ಸೋಯಾ, ಗಂಧಕದ ಸಲ್ಫೈಟು ಎಂಬ ಎಂಟು ಬಾಬತ್ತುಗಳ ಪಟ್ಟಿಯೂ ಅದರಲ್ಲಿದೆ. ಅಂದರೆ ಮಹಾನಗರದ ಪಿಜ್ಜಾ ತಿನ್ನುವವನಿಗೆ ಕಾಯಿದೆಯ ರಕ್ಷಣೆ ಉಂಟು, ಸುಳ್ಯದಲ್ಲಿ ಮೀನೂಟ ಮಾಡುವ ಕೂಲಿಯವನಿಗೆ ಇಲ್ಲ! 2024ರ ಮಾರ್ಚಿಯಲ್ಲಿ ನಮ್ಮ ರಾಜ್ಯ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಒಳ್ಳೆಯದೇ ಆಯಿತು. ಅದರ ಮೈದಾ, ಸೋಯಾಗಳ ಮಾತನ್ನು ಬಡಿಸುವವನಿಗೆ ತಿಳಿಸುವ ಏರ್ಪಾಡು ಮಾತ್ರ ಆಗಲಿಲ್ಲ. ಯೂರೋಪಿನ ದೇಶಗಳಲ್ಲಿ 2014ರ ಡಿಸೆಂಬರದಿಂದ ಬೀದಿಯ ಸಣ್ಣ ಹೋಟೆಲಿಗೂ ಈ ಹೊಣೆಯಿದೆ. ಇಂಗ್ಲೆಂಡಿನಲ್ಲಿ ಒಂದು ಬ್ರೆಡ್ಡಿನ ಹಿಟ್ಟಿನೊಳಗೆ ಎಳ್ಳು ಸೇರಿದ್ದುದನ್ನು ಪೊಟ್ಟಣದ ಮೇಲೆ ಬರೆಯದಿದ್ದುದರಿಂದ 2016ರಲ್ಲಿ 15 ವರುಷದ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡಳು. ಆಕೆಯ ತಂದೆತಾಯಿ ಹೋರಾಡಿದ ಮೇಲೆ 2021ರಲ್ಲಿ ಅಲ್ಲಿ ಕಾಯಿದೆ ಬಿಗಿಯಾಯಿತು.

ಹೋಟೆಲು ನಡೆಸುವ ನಮ್ಮ ಸಣ್ಣ ವ್ಯಾಪಾರಿ ಓದುಗರು ಇದನ್ನೋದಿ ಹುಬ್ಬು ಗಂಟಿಕ್ಕುತ್ತಾರೆಂದು ಬಲ್ಲೆವು. ತೆಂಗಿನಕಾಯಿಯ ಧಾರಣೆ, ಗ್ಯಾಸಿನ ಬೆಲೆ, ಕಟ್ಟಡದ ಬಾಡಿಗೆಗಳ ನಡುವೆ ಇದೊಂದು ಹೊಸ ತಲೆನೋವೇ ಎಂದು ಕೇಳುತ್ತಾರೆ. ಅವರ ಮೇಲೆ ದಂಡ ಹಾಕಿರೆಂದು ನಾವು ಹೇಳುತ್ತಿಲ್ಲ. ಇಂದಿನ ತಿಂಡಿಗಳನ್ನು ಬರೆಯುವ ಕರಿಹಲಗೆ ಅವರಲ್ಲಿ ಆಗಲೇ ಇದೆ. ಪ್ರತಿಯೊಂದರ ಮುಂದೆ ಬೆಲ್ಲ, ನೀರುಳ್ಳಿ, ಗೋಧಿ, ನೆಲಗಡಲೆ, ಸಿಗಡಿ ಎಂದು ಇದ್ದದ್ದನ್ನು ಬರೆಯಲು ಒಂದು ತುಂಡು ಸೀಮೆಸುಣ್ಣ ಸಾಕು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅಡಿಗೆಯವರು ಬಡಿಸುವವರನ್ನು ನಿಲ್ಲಿಸಿಕೊಂಡು ಐದು ನಿಮಿಷ ಹೇಳಿದರೆ ಮುಕ್ಕಾಲು ಪಾಲು ಕೆಲಸ ಆಯಿತು. ಬೆಲ್ಲ ಹಾಕುವ ಮುಂಚೆ ಒಂದು ಸಣ್ಣ ಪಾತ್ರೆ ಸಾಂಬಾರನ್ನು ಬೇರೆ ತೆಗೆದಿಟ್ಟ ಹೋಟೆಲಿಗೆ ಗಿರಾಕಿ ಹೆಚ್ಚುತ್ತಾರೆಯೇ ಹೊರತು ಕಡಿಮೆಯಾಗುವುದಿಲ್ಲ.

ಆಹಾರ ಸುರಕ್ಷತೆಯ ಇಲಾಖೆಯವರು ಹೋಟೆಲಿಗೆ ಬರುವುದು ಕಾಗದಪತ್ರ ನೋಡಲಿಕ್ಕೆ ಮಾತ್ರವಾಗಬಾರದು. ಪುತ್ತೂರಿನ ನಗರಸಭೆ, ಸುಳ್ಯ ಮತ್ತು ಕಡಬದ ಪಟ್ಟಣ ಪಂಚಾಯತುಗಳು ಇಲಾಖೆಯೊಡನೆ ಕೂಡಿ ಹೋಟೆಲು ಕೆಲಸಗಾರರಿಗೆ ಕನ್ನಡ, ಹಿಂದಿ, ಒಡಿಯಾ ಭಾಷೆಗಳಲ್ಲಿ ಚಿತ್ರಸಹಿತವಾದ ಒಂದು ದಿನದ ಪಾಠ ಏರ್ಪಡಿಸಲಿ. ಆ ದಿನದ ಸಂಬಳ ಕಡಿಯಬಾರದು. ಸುಬ್ರಹ್ಮಣ್ಯದ ಹೋಟೆಲುಗಳಿಂದ ಮೊದಲು ಮಾಡಿ ಬರುವ ಚಂಪಾಷಷ್ಠಿಯ ಜಾತ್ರೆಯೊಳಗೆ ಮುಗಿಸಬಹುದು. ಹೋಟೆಲು ಕೆಲಸಗಾರರು ತಮ್ಮ ಅನುಭವಗಳನ್ನು ನಮಗೆ ಬರೆಯಲಿ. ಹಿಂದಿಯಲ್ಲಿ, ಒಡಿಯಾದಲ್ಲಿ ಬರೆದರೂ ಅಡ್ಡಿಯಿಲ್ಲ, ಅನುವಾದ ಮಾಡಿಸಿ ಹೆಸರು ಹಾಕದೆ ಅಚ್ಚು ಹಾಕುತ್ತೇವೆ.